ಏಳನೇ ಪ್ರಶ್ನೆ, ಹತ್ತು ಅಂಕ

ಶನಿವಾರದ ಕೊನೆಯ ಪೀರಿಯಡ್ಡು. ಎರಡೇ ಕ್ರೆಡಿಟ್ಟಿನ ವಿಷಯ.
ಮಾದಾಪುರದ ಬಸ್ಸು ಮೂರೂವರೆಗೆ;
ಬ್ಯಾಗುಗಳ ಜಿಪ್ಪು ಆಗಲೇ ಎಳೆದಾಗಿದೆ.
ಮಡಿಕೇರಿಯ ಜುಲೈಯಲ್ಲಿ ಸೀಮೆಸುಣ್ಣವೂ ಥಂಡಿ ಹಿಡಿದು
ಬೋರ್ಡಿನ ಮೇಲೆ ಬರೆಯುವುದಿಲ್ಲ, ಜಾರುತ್ತದೆ.

ಆದರೂ ಒತ್ತಿ ಬರೆಯುತ್ತೇನೆ, ಹನ್ನೊಂದು ವರ್ಷದಿಂದ ಇದನ್ನೇ:
ಇಂಜಿನಿಯರ್ ‘ಕ’ ಎಂಬವರು
ಜಾಗಕ್ಕೆ ಹೋಗದೆ, ಮಣ್ಣು ಮುಟ್ಟದೆ
ತಡೆಗೋಡೆಯ ವರದಿಗೆ ಸಹಿ ಹಾಕುತ್ತಾರೆ.
ಅವರ ವೃತ್ತಿಹೊಣೆಯನ್ನು ವಿವೇಚಿಸಿ. ಹತ್ತು ಅಂಕ.

ಮಕ್ಕಳು ಜಾಣರು.
ಜನರ ಸುರಕ್ಷತೆಯೇ ಮೊದಲು ಎಂದು ಬರೆದು
ಸ್ಕೇಲಿಟ್ಟು ಅಡಿಗೆರೆ ಎಳೆಯುತ್ತಾರೆ.
ಬಾಧಿತರ ಪಟ್ಟಿ ಮಾಡಿ ಎಂದರೆ
ಮಾಲೀಕ, ಬ್ಯಾಂಕು, ಗುತ್ತಿಗೆದಾರ, ಪಂಚಾಯಿತಿ;
ಒಬ್ಬ ಕಾಫಿ ಗಿಡವನ್ನೂ ಸೇರಿಸಿದ್ದ.
ಗೋಡೆಯ ಕೆಳಗಿನ ಲೈನ್‌ಮನೆ ಮಾತ್ರ
ಯಾರ ಪಟ್ಟಿಗೂ ಬರುವುದಿಲ್ಲ.
ಎಂಟು ಅಂಕ ಕೊಡುತ್ತೇನೆ. ಕೆಲವರಿಗೆ ಒಂಬತ್ತು.

ಈ ಸಲ ಮೂರನೇ ಬೆಂಚಿನಿಂದ ಪ್ರಜ್ವಿತಾ ಎದ್ದಳು.
“ಸರ್, ‘ಕ’ನಿಗೆ ಹೆಸರಿಲ್ಲವಾ?”
ಹುಡುಗರು ನಕ್ಕರು. ನಾನೂ ನಕ್ಕೆ, ಒಂದು ಕ್ಷಣ ತಡವಾಗಿ.

ಅವಳ ಕೈಯಲ್ಲಿ ಅಜ್ಜನ ಮಳೆ ಪುಸ್ತಕ.
ಎಸ್ಟೇಟಿನ ರೈಟರ್ ಐತಪ್ಪ, ಏಳನೇ ಕ್ಲಾಸು ಪಾಸು,
ಮೂವತ್ತೊಂದು ವರ್ಷ, ಬೆಳಿಗ್ಗೆ ಏಳಕ್ಕೆ,
ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬರೆದದ್ದು:
ಎರಡು ಇಂಚು ನಲವತ್ತು ಸೆಂಟು. ನಾಲ್ಕು ಇಂಚು ಹತ್ತು.
ಸೊನ್ನೆಯಿದ್ದ ದಿನ ಸೊನ್ನೆ.
ಪ್ರತಿ ಸಾಲಿಗೂ ಸಹಿ, ಕಾಳುಮೆಣಸಿನಷ್ಟು ಚಿಕ್ಕದು.

ಓದು ಎಂದೆ. ಓದಿದಳು.
“ಬರೆಯ ಬುಡದಲ್ಲಿ ಜಲ ಎದ್ದಿದೆ. ನೀರು ಕೆಂಪು.
ಗೋಡೆ ಹೊಟ್ಟೆ ಬಿಟ್ಟಿದೆ.
ಲೈನಿನ ಒಂಬತ್ತು ಮನೆಯವರನ್ನೂ ಶಾಲೆಗೆ ಕಳಿಸಿದೆ.
ಧಣಿಗೆ ಫೋನು ಸಿಗಲಿಲ್ಲ. ಕೇಳದೆ ಕಳಿಸಿದೆ.”
ಪಕ್ಕದ ಕಾಲಮ್ಮು, ಆ ದಿನದ ಮಳೆ:
“ಅಳೆದಿಲ್ಲ.”

ಅಂದಾಜಿಗೆ ಏನಾದರೂ ಬರೆಯಬಹುದಿತ್ತು.
ಆರು ಇಂಚು ಎಂದಿದ್ದರೆ ಯಾರು ಕೇಳುತ್ತಿದ್ದರು?
ನನ್ನ ವರದಿಯಲ್ಲಿ ಒಂದು ಕಾಲಮ್ಮೂ ಖಾಲಿ ಇರಲಿಲ್ಲ.
ಮೂರು ಕೊರೆತ, ಮೂರು ಆಳ,
ದಶಮಾಂಶದ ಆಚೆಗೂ ಎರಡೆರಡು ಅಂಕಿ,
ಎಲ್ಲ ಮೈಸೂರಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು
ಹಿಂದಿನ ಯಾವುದೋ ಕೆಲಸದ ಹಾಳೆಯಿಂದ ಇಳಿಸಿದ್ದು.
ಗೋಡೆ ರಾತ್ರಿ ಎರಡಕ್ಕೆ ಕುಸಿಯಿತು. ಯಾರೂ ಸಾಯಲಿಲ್ಲ.
ಯಾರೂ ಸಾಯಲಿಲ್ಲ ಎಂಬುದನ್ನು
ಇಷ್ಟು ವರ್ಷ ನನ್ನ ಲೆಕ್ಕಕ್ಕೇ ಜಮಾ ಮಾಡಿಕೊಂಡಿದ್ದೆ.

ಬೋರ್ಡಿನ ಕಡೆ ತಿರುಗಿದೆ.
‘ಕ’ದ ಪಕ್ಕ ಉಳಿದ ಮೂರು ಅಕ್ಷರ ಸೇರಿಸಿದೆ:
ರುಂಬಯ್ಯ.
ಸುಣ್ಣ ಜಾರಿತು. ‘ಯ್ಯ’ವನ್ನು ಎರಡು ಸಲ ತಿದ್ದಬೇಕಾಯಿತು.

ಕೆಳಗೆ ಬಸ್ಸು ಹಾರನ್ ಹೊಡೆಯಿತು.
ಯಾರೋ ಇಬ್ಬರು ಎದ್ದರು, ಮತ್ತೆ ಕೂತರು.
“ಹತ್ತು ಅಂಕಕ್ಕೆ ಇಷ್ಟು ಸಾಕಾ ಸರ್?”
ಹಿಂದಿನ ಬೆಂಚಿನ ಮುಬಶಿರ್ ಕೇಳಿದ,
ತಮಾಷೆಗೋ, ನಿಜಕ್ಕೋ.
ಗೊತ್ತಿಲ್ಲ ಎಂದೆ.
ಆ ಕೋಣೆಯಲ್ಲಿ ನಾನು ಆ ಮಾತು ಆಡಿದ್ದು ಅದೇ ಮೊದಲು.

ಅಷ್ಟರಲ್ಲಿ ಹಾಜರಿ ಹಾಳೆ ಸುತ್ತು ಮುಗಿಸಿ ಮೇಜಿಗೆ ಬಂತು.
ನಲವತ್ತೆರಡು ಸಹಿ.
ತಲೆ ಎಣಿಸಿದೆ: ಮೂವತ್ತಾರು.
ಅಡಿಯಲ್ಲಿ ನನ್ನ ಸಹಿಗೆ ಒಂದು ಗೆರೆ.
ಪೆನ್ನಿಗೆ ಮುಚ್ಚಳ ಹಾಕಿ
ಕಿಟಕಿಯ ಪಕ್ಕದ ಬೆಂಚಿನಿಂದ
ಮತ್ತೆ ಎಣಿಸತೊಡಗಿದೆ.